ಹೊರಗಿನ ಗಂಟು

ಅಂದು ಗಾಳಿಪಟ ನಿನ್ನನ್ನು ಎಳೆಯದಂತೆ ಮಾಡಿದವನು ನಾನು. ನಿನ್ನ ಕೈಯಲ್ಲಿ ಯಾವ ಕೊರತೆಯೂ ಇರಲಿಲ್ಲ.

ಮದುವೆಯಾದ ಮೊದಲ ಆಷಾಢ. ಅತ್ತೆ-ಸೊಸೆ ಒಂದೇ ಹೊಸ್ತಿಲು ದಾಟಬಾರದೆಂದು ನಿನ್ನನ್ನು ಒಂಟಿಕೊಪ್ಪಲಿನ ತವರಿಗೆ ಕರೆದೊಯ್ದಿದ್ದರು. ಶಾಸ್ತ್ರ ನಂಬದ ನಾವು ವಿಜಯನಗರದಾಚೆ, ಇನ್ನೂ ಮನೆ ಏಳದ ಸೈಟುಗಳ ಬಯಲಿನಲ್ಲಿ ಕದ್ದು ಸೇರುತ್ತಿದ್ದೆವು — ಮನುಷ್ಯರನ್ನೇ ಎಳೆದೊಯ್ಯುವ ಆ ದೊಡ್ಡ ಪಟ ಹಾರಿಸಲು. "ಅಮ್ಮಂಗೆ ಗೊತ್ತಾದ್ರೆ ಇದೇ ದಾರದಲ್ಲಿ ನಿನ್ನ ಕಟ್ಟಾಕ್ತಾರೆ ಕಣೋ," ಎನ್ನುತ್ತಿದ್ದೆ ನೀನು.

ಪಟ ಹಿಡಿತಕ್ಕೆ ಸಿಕ್ಕರೆ ಕರಾವಳಿಯಲ್ಲಿ ಇಂಥ ಪಟ ಹಾರಿಸುವ ತರಬೇತಿಗೆ ಒಂದು ವರ್ಷ ಹೊರಡುವುದೆಂದು ಆ ಸಂಜೆ ನೀನು ನಿರ್ಧರಿಸಿದ್ದೆ. ಒಂದು ತಿಂಗಳ ಅಗಲಿಕೆಯೇ ನನಗೆ — ಇರಲಿ. ನೀನು ದಾರಗಳ ಇನ್ನೊಂದು ತುದಿಯ ಹಿಡಿಕೋಲು, ಆ ಬಾರ್ ಹಿಡಿದು ದೂರದಲ್ಲಿ ನಿಂತಿದ್ದೆ. ಪಟದ ಬಳಿ ದಾರ ಸಿಕ್ಕಿಸುವುದು ನನ್ನ ಕೆಲಸ. ಸೆಳೆತ ಹೊಂದಿಸಲೆಂದೇ ಅಲ್ಲಿ ಸಾಲಾಗಿ ಗಂಟುಗಳಿರುತ್ತವೆ. ಪಟದ ಹಿಂಬದಿಯ ಎರಡು ದಾರಗಳನ್ನು ಒಳಗಂಟಿನಿಂದ ಬಿಡಿಸಿ ತೀರ ಹೊರಗಿನ ಗಂಟಿಗೆ ಹಾಕಿದೆ. ಆ ದಾರ ಉದ್ದವಾದರೆ ಪಟ ಏರುತ್ತದೆ, ಸೆಳೆಯುವುದಿಲ್ಲ. ನೀನು ಬಾರನ್ನು ಎದೆಯವರೆಗೆ ಎಳೆದೆ, ಮತ್ತೆ ಎಳೆದೆ. ಅದು ಸುಮ್ಮನೆ ತೇಲುತ್ತಿತ್ತು.

"ಏನೋ ಇದು, ಹಪ್ಪಳದ ಥರ ನಿಂತಿದೆ? ಸರಿಯಾಗಿ ಕಟ್ಟಿದೀಯ ತಾನೆ?"

"ಪಟ ಸರಿಯಾಗೇ ಇದೆ. ನಿನ್ ಕೈಗೆ ಒಗ್ತಿಲ್ಲ, ಬುಡು."

ನೀನು ನಂಬಿದೆ.

ಗಾಳಿ ಅಪಾಯದ್ದಾಗಿತ್ತು, ನಿನ್ನ ಜೀವಕ್ಕೆ ಹೆದರಿ ಹಾಗೆ ಮಾಡಿದೆ — ವರ್ಷಗಟ್ಟಲೆ ಹೀಗೆಂದೇ ನೆನಪಿಟ್ಟುಕೊಂಡೆ. ಯಾರ ಮಾತಿಗೂ ಪುರಾವೆ ಕೇಳುವುದನ್ನು ವಿಶ್ವವಿದ್ಯಾಲಯದಲ್ಲಿ ಕಲಿತವನು ನನ್ನ ನೆನಪನ್ನು ಮಾತ್ರ ಏನೂ ಕೇಳಲಿಲ್ಲ. ಈಗ ಕೇಳಿದರೆ — ನೀನು ಸೋತು ಮಣ್ಣಿನಲ್ಲಿ ಕುಳಿತ ಮೇಲೆ, ನಿನ್ನ ಕಣ್ಣು ತಪ್ಪಿಸಿ ದಾರವನ್ನು ಮತ್ತೆ ಒಳಗಂಟಿಗೆ ಹಾಕಿದೆ. ಅಪಾಯದ್ದೆಂದ ಅದೇ ಗಾಳಿ ನನ್ನನ್ನು ಬಯಲುದ್ದಕ್ಕೂ ಎಳೆದೊಯ್ಯಿತಲ್ಲ, ನನಗೇನೂ ಆಗಲಿಲ್ಲ. ನೀನು ಚಪ್ಪಾಳೆ ತಟ್ಟಿದೆ. ಆ ದಿನದ ಉಳಿದದ್ದೆಲ್ಲ ಅನುಮಾನ; ಆ ಚಪ್ಪಾಳೆ ನಿಜ.

ನೀನು ಕರಾವಳಿಗೆ ಹೋಗಲಿಲ್ಲ. ಈಗ ಕಾರು ಕಲಿ ಎಂದರೂ "ನನ್ ಕೈಗೆ ಅವೆಲ್ಲ ಒಗ್ಗಲ್ಲ ಕಣೋ" ಎಂದು ನಗುತ್ತೀಯ. ಆ ಮಾತು ನನ್ನದು — ನಾನು ನಿನ್ನ ಬಾಯಲ್ಲಿಟ್ಟದ್ದು. ಬಾರ್ ಹಿಡಿದು ಆಕಾಶಕ್ಕೆ ಮುಖವೆತ್ತಿ ನಿಂತಿದ್ದವಳಿಗಾಗಿ, ನಿನ್ನ ಪಕ್ಕದಲ್ಲೇ ಕೂತು ಹಂಬಲಿಸುತ್ತೇನೆ.

ನಾಳೆ ಬೆಳಿಗ್ಗೆ ಇದೆಲ್ಲವನ್ನೂ ನಿನ್ನೆದುರು ಹೇಳುತ್ತೇನೆ. ಆಮೇಲೆ ನೀನು ಕರಾವಳಿಗೋ ಇನ್ನೆಲ್ಲಿಗೋ ಹೊರಟರೆ ಚೀಲ ಹೊತ್ತು ಬಸ್ ಸ್ಟ್ಯಾಂಡಿನವರೆಗೆ ಬರುತ್ತೇನೆ. ನೀನಾಗಿ ಕರೆಯದೆ ಬಸ್ಸು ಹತ್ತುವುದಿಲ್ಲ. ಕರೆಯಲಿ ಎಂಬ ಆಸೆ ಮಾತ್ರ —