ಕಾಸರಕದ ಕೈ

ಭದ್ರಾವತಿಯ ಕಾರ್ಖಾನೆ ಗೇಟಿನೆದುರು ರೊಟ್ಟಿ ಮಾರಿ ಮನೆ ಕಟ್ಟಿಕೊಂಡವಳು ನಾನು. ಇಷ್ಟು ಚೌಕಾಸಿ ಎಲ್ಲಿ ಕಲಿತೆ ಅಂತ ಕೇಳುತ್ತಾರೆ. ಶಿವಮೊಗ್ಗದಲ್ಲಿ, ಒಬ್ಬ ಸಾಹುಕಾರನ ಅಂಗಳದಲ್ಲಿ, ಕಾಸರಕದ ಬೀಜ ಉಜ್ಜುತ್ತಾ ಕಲಿತೆ. ಆಗ ನನಗಿನ್ನೂ ಹತ್ತು ತುಂಬಿರಲಿಲ್ಲ.

ಕಾಸರಕ ಕಾಡುಮರ. ಕಿತ್ತಳೆಯಂಥ ಚಂದದ ಹಣ್ಣು, ಒಳಗೆ ಅಂಗಿಯ ಗುಂಡಿಯಂಥ ಚಪ್ಪಟೆ ಬೀಜ. ಅದರ ಕಹಿಗೆ ದನವೂ ಮೂಸಿ ನೋಡುವುದಿಲ್ಲ. ಆ ಬೀಜ ಮಂಗಳೂರಿನಲ್ಲಿ ಹಡಗು ಹತ್ತಿ ಬಿಳಿ ದೊರೆಗಳ ಸೀಮೆಗೆ ಹೋಗುತ್ತಿತ್ತು. ಅಲ್ಲಿ ಔಷಧಿಯಾಗುತ್ತಿತ್ತಂತೆ, ಇಲಿ ಪಾಷಾಣವೂ ಆಗುತ್ತಿತ್ತಂತೆ. ಹಡಗು ಹತ್ತುವ ಮುಂಚೆ ಬೀಜಕ್ಕಂಟಿದ ಲೋಳೆ ಉಜ್ಜಿ, ತೊಳೆದು, ಒಣಗಿಸಬೇಕು. ಅದಕ್ಕೆ ನಾವು, ಕೇರಿಯ ಮಕ್ಕಳು. ಸಣ್ಣ ಬೆರಳು ಬೇಗ ಆಡುತ್ತದೆ, ಸಣ್ಣ ಬಾಯಿ ಜಾಸ್ತಿ ಕೂಲಿ ಕೇಳುವುದಿಲ್ಲ.

ಆ ಕಹಿ ಕೈಗೆ ಹತ್ತಿದರೆ ಸೀಗೆಪುಡಿಗೂ ಬಿಡದು, ಹುಣಸೆಹಣ್ಣಿಗೂ ಬಿಡದು, ತುಂಗೆಯ ಮರಳಲ್ಲಿ ತಿಕ್ಕಿದರೂ ಬಿಡದು. ಅದಕ್ಕೇ ಆ ಕೆಲಸದ ಮಕ್ಕಳಿಗೆ ತಾಯಂದಿರೇ ತುತ್ತು ಇಡುತ್ತಿದ್ದರು. ದಾರಿಯಲ್ಲಿ ಹೋಗುವವರು ನೋಡಿ, ಎಷ್ಟು ಮುದ್ದು ಮಾಡ್ತಾರಪ್ಪ ಅನ್ನುತ್ತಿದ್ದರು. ಮುದ್ದಂತೆ! ಅಪ್ಪ ಇಲ್ಲದ ಮನೆ ನಮ್ಮದು. ಅವ್ವ ಊರವರ ಭತ್ತ ಕುಟ್ಟಿ ಬಂದು, ಬೊಬ್ಬೆ ಎದ್ದ ಕೈಯಲ್ಲಿ ನನಗೆ ಮುದ್ದೆ ಮುರಿದು ತಿನ್ನಿಸುತ್ತಿದ್ದಳು. ಪಕ್ಕದಲ್ಲಿ ಐದು ವರ್ಷದ ತಂಗಿ ತನ್ನ ಕೈಯಲ್ಲೇ ಉಂಡು ಬೆರಳು ನೆಕ್ಕುತ್ತಿದ್ದಳು. ಆ ನೆಕ್ಕುವ ಬೆರಳು ನೋಡಿ ನನಗೆ ಹೊಟ್ಟೆಕಿಚ್ಚು.

ಒಂದು ದಿನ ಸಾಹುಕಾರ ಅವ್ವನನ್ನು ಕರೆಸಿದ. ಜಗುಲಿಯ ಮೇಲೆ ಅವನು, ಮಾಲು ಕೊಳ್ಳಲು ಬಂದ ಮಂಗಳೂರಿನ ದಲ್ಲಾಳಿ, ನಡುವೆ ಮಂಡಕ್ಕಿಯ ತಟ್ಟೆ.

"ಸೀಮೇಲಿ ರೇಟು ಬಿದ್ದಿದೆ ಕಣಮ್ಮ. ಅದೇ ಕೂಲಿ ಬೇಕಂದ್ರೆ ಚಿಕ್ಕವಳನ್ನೂ ಕಳಿಸು. ನೆರಳಲ್ಲಿ ಕೂತು ಆಡ್ಕೊಂಡು ಮಾಡೋ ಕೆಲಸ."

ರೇಟು ಏರಿದಾಗ ಸೀಮೆಯ ಸುದ್ದಿ ಅವನ ಬಾಯಲ್ಲಿ ಒಂದು ದಿನವೂ ಬಂದಿರಲಿಲ್ಲ! ವ್ಯಾಪಾರಕ್ಕೆ ಕೂರುವ ಹುಡುಗಿಯರಿಗೆ ಇವತ್ತಿಗೂ ಹೇಳುತ್ತೇನೆ: ಯಾರಾದರೂ ಕಣ್ಣಿಗೆ ಕಾಣದ ಊರಿನ ರೇಟು ಹೇಳಿದರೆ ತಲೆ ಆಡಿಸಬೇಡಿ, ಕಣ್ಣೆದುರಿಗಿರುವುದನ್ನು ಎತ್ತಿ ತೋರಿಸಿ.

ಅವ್ವನ ತಲೆ ಆಗಲೇ ಆಡತೊಡಗಿತ್ತು. ಅಂಗಳದಲ್ಲಿ ಬೀಜ ಉಜ್ಜುತ್ತಿದ್ದ ನಾನು ಎದ್ದು ಮುಂದೆ ಹೋದೆ.

"ಆಗ್ಲಿ ಸಾಹುಕಾರ್ರೇ, ಕಳಿಸ್ತೀವಿ. ಆದ್ರೆ ನೀವು ನನ್ನ ಕೈಯಿಂದ ಒಂದು ಹಿಡಿ ಮಂಡಕ್ಕಿ ತಿನ್ಬೇಕು. ನುಂಗಿದ್ರೆ ತಂಗಿ ಬರ್ತಾಳೆ. ಉಗಿದ್ರೆ ಬರಲ್ಲ."

"ಥೂ, ನಿನ್ನ ಕೈಯಿಂದ ನಾನು ತಿನ್ನೋದಾ?"

ದಲ್ಲಾಳಿಗೆ ಮಜಾ ಹತ್ತಿತು. "ತಿನ್ನಿ ಮಾರಾಯ್ರೇ! ಆಟದ ಕೆಲಸ ಅಂದ್ರಲ್ಲ, ಆಡೋ ಮಗೂಗೆ ಹೆದರೋದಾ?"

ಮೂಟೆ ಹೊರುತ್ತಿದ್ದ ಗಾಡಿಯವರೂ ನಿಂತು ನೋಡಿದರು. ಸಾಹುಕಾರನಿಗೆ ಹಿಂದೆ ಸರಿಯಲು ಮರ್ಯಾದೆ ಬಿಡಲಿಲ್ಲ. "ಕೊಡೇ, ಆಗ್ಲಿ" ಅಂದ.

ಒದ್ದೆ ಕೈಯಲ್ಲಿ ಮಂಡಕ್ಕಿಯನ್ನು ಚೆನ್ನಾಗಿ ಹಿಸುಕಿ ಕೊಟ್ಟೆ. ಬಾಯಿಗೆ ಹಾಕಿಕೊಂಡು ಎರಡು ಸಲ ಅಗಿದನೋ ಇಲ್ಲವೋ, ಜಗುಲಿಯಿಂದ ಬಗ್ಗಿ ಒಣಗಲು ಹಾಕಿದ ಬೀಜದ ಮೇಲೆಯೇ ಉಗಿದ. ನೀರು ಅಂದ, ಬೆಲ್ಲ ಅಂದ, ಮತ್ತೆ ನೀರು ಅಂದ. ದಲ್ಲಾಳಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ಉಗಿದ್ರಿ," ಅಂದೆ.

"ಅವಳೂ ಬೇಡ, ನೀನೂ ಬೇಡ! ನಡಿಯೇ ಆಚೆ!"

ಬೀದಿಗೆ ಬಂದ ಮೇಲೆ ಅವ್ವ ಕೆನ್ನೆಗೆ ಬಿಟ್ಟಳು. ಆಮೇಲೆ ಅದೇ ಕೈಯಲ್ಲಿ ನನ್ನ ಕೈ ಹಿಡಿದು, ಮನೆಯವರೆಗೂ ಬಿಡಲಿಲ್ಲ.

ಸಾಹುಕಾರನ ಬಾಯಿ ಕೆಡಿಸಿದಳು ಅಂತ ಕೇರಿಯೆಲ್ಲ ನಕ್ಕಿತು. ನಗಲಿ. ಅವನು ಕಳೆದುಕೊಂಡದ್ದೇನು? ಒಂದು ಹಿಡಿ ಮಂಡಕ್ಕಿ. ಅಷ್ಟು ನಕ್ಕ ದಲ್ಲಾಳಿ ಒಂದಾದರೂ ಮೂಟೆ ಬೇಡ ಅಂದನೇ? ಎಲ್ಲವನ್ನೂ ಗಾಡಿಗೆ ಹೇರಿಸಿಕೊಂಡೇ ಹೋದ. ಆ ಔಷಧಿ ಕುಡಿದು ಮೈ ಸುಧಾರಿಸಿಕೊಂಡ ದೊರೆಗಳಿಗೆ ಅದು ಯಾರ ಕೈಯ ಕಹಿ ಅಂತ ಗೊತ್ತಿತ್ತೇ? ಗೊತ್ತಿದ್ದರೂ ಲೋಟ ಕೆಳಗಿಡುತ್ತಿದ್ದರೇ?

ಮರುದಿನ ನನ್ನ ಜಾಗದಲ್ಲಿ ಪಕ್ಕದ ಮನೆಯ ಹುಡುಗ ಕೂತಿದ್ದ. ನನ್ನ ತಂಗಿಗಿಂತ ಚಿಕ್ಕವನು. ಸಂಜೆ ಅವನ ತಾಯಿ ನಮ್ಮ ಬಾಗಿಲಿಗೆ ಬಂದಳು.

"ಅಕ್ಕಾ, ಊಟಕ್ಕೆ ಕೂತವನು ಒಂದೇ ಸಮ ಅಳ್ತಾನೆ. ಕೈ ಕಹಿ ಹೋಗೋಕೆ ಏನು ಹಚ್ಚಬೇಕು?"

ಅವ್ವ ಒಲೆಯ ಕಡೆ ಮುಖ ತಿರುಗಿಸಿದಳು.

"ಏನು ಹಚ್ಚಿದ್ರೂ ಹೋಗಲ್ಲ. ನೀನೇ ತಿನ್ನಿಸು."