ಸುತ್ತಿಗೆ ಮುಟ್ಟಬಾರದ ಬಾಗಿಲು

ಹಗರಿಬೊಮ್ಮನಹಳ್ಳಿಯಲ್ಲಿ ಅಕ್ಕ ಕಟ್ಟಿಸಿದ ಮನೆಯ ತಲೆಬಾಗಿಲ ಹತ್ತಿರ ನಿಂತರೆ, ಚೌಕಟ್ಟಿಗೂ ಗೋಡೆಗೂ ನಡುವೆ ಒಂದು ಸಂದು ಕಾಣುತ್ತಿತ್ತು. ಬೆಂಕಿಕಡ್ಡಿ ಹೋಗುವಷ್ಟು. ಗೋಡೆಗೆ ಮೆತ್ತಿದ ಗಿಲಾವು ಒಣಗುತ್ತ ಒಣಗುತ್ತ ಮರದಿಂದ ದೂರ ಸರಿದಿತ್ತು. ಹೊಸ ಮನೆಗಳಲ್ಲಿ ಇದೇನೂ ದೊಡ್ಡ ವಿಷಯವಲ್ಲ. ಕೊನೆಗೆ ಚೌಕಟ್ಟಿನ ಸುತ್ತ ತೆಳ್ಳನೆಯ ಮರದ ಪಟ್ಟಿ ಹೊಡೆದು ಮುಚ್ಚುತ್ತಾರೆ. ಬೀಡಿಂಗ್ ಅಂತಾರಲ್ಲ, ಅದೇ. ಆ ಬೀಡಿಂಗ್ ಕೆಲಸ ನನಗೇ ಬೇಕು ಅಂತ ನಾನು ಅಕ್ಕನ ಬೆನ್ನು ಬಿದ್ದಿದ್ದೆ.

ನಾನು ಬಡಗಿಯಲ್ಲ. ಐಟಿಐನಲ್ಲಿ ಕಲಿತದ್ದು ವೈರಿಂಗ್, ಊಟ ಹಾಕುತ್ತಿರುವುದೂ ಅದೇ. ಮರದ ಹುಚ್ಚು ಹಿಡಿಸಿದ್ದು ಫೋನು. ವಿಡಿಯೊ ನೋಡುವುದು, ಬೇರೆಯವರ ಮನೆ ಕಟ್ಟುವ ಜಾಗದಲ್ಲಿ ಬಿಸಾಕಿದ ಪ್ಲೈವುಡ್ ತುಂಡು ತರುವುದು, ಕೊಯ್ಯುವುದು, ಕೆಡಿಸುವುದು, ಮತ್ತೆ ಕೊಯ್ಯುವುದು. ಹಾಗೆ ಕೆಡಿಸಿ ಕೆಡಿಸಿ ಅವ್ವನಿಗೆ ಒಂದು ಮಣೆ ಮಾಡಿಕೊಟ್ಟೆ, ಅವಳ ಕೌದಿ ಬಟ್ಟೆ ಇಡಲು ಒಂದು ಪೆಟ್ಟಿಗೆ ಮಾಡಿಕೊಟ್ಟೆ. ಅವ್ವ ಕೌದಿ ಹೊಲಿಯುತ್ತಾಳೆ. ಹಳೆ ಸೀರೆ, ಧೋತರ ಎಲ್ಲ ಪದರ ಪದರ ಹಾಸಿ ಅವಳು ಹಾಕುವ ಹೊಲಿಗೆ ನೋಡಿದರೆ ಅಳತೆಪಟ್ಟಿ ಇಟ್ಟು ಹಾಕಿದ ಹಾಗಿರುತ್ತದೆ.

ಅಕ್ಕ ತಾಲ್ಲೂಕು ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ. ನಮ್ಮ ಮನೆತನದಲ್ಲಿ ಸ್ವಂತ ಸಂಬಳದಿಂದ ಮನೆ ಕಟ್ಟಿಸಿದ ಮೊದಲನೆಯವಳು. ಕಿಟಕಿ, ಒಳಬಾಗಿಲು, ಗೋಡೆಯ ಗೂಡುಗಳು, ಎಲ್ಲದರ ಪಟ್ಟಿಯನ್ನೂ ನೀನೇ ಹಾಕು ಅಂತ ಒಪ್ಪಿದಳು. ತಲೆಬಾಗಿಲು ಮಾತ್ರ ಅವ್ವನನ್ನು ಕೇಳು ಅಂದಳು. ತಾನೇ ಕೇಳಲು ಯಾಕೆ ಹೆದರಿದಳು ಅನ್ನುವುದು ನನಗೂ ಗೊತ್ತಿತ್ತು.

ಆ ಚೌಕಟ್ಟು ಬೇವಿನದು. ಕೋಗಳಿಯಲ್ಲಿ ನಮ್ಮ ಹಳೆ ಮನೆಯ ಮುಂದೆ ನಿಂತಿದ್ದ ಬೇವು. ಅವ್ವ ಮದುವೆಯಾಗಿ ಬಂದಾಗ ಅದಿನ್ನೂ ಸಣ್ಣ ಗಿಡವಂತೆ, ನೀರು ಹಾಕಿ ಬೆಳೆಸಿದವಳೇ ಅವಳು. ಚೌಕಟ್ಟು ನಿಲ್ಲಿಸಿದ ದಿನ ಅರಿಶಿನ ಕುಂಕುಮ ಹಚ್ಚಿ, ಸೀರೆ ಉಡಿಸಿದಷ್ಟು ಅಕ್ಕರೆಯಿಂದ ಹೂ ಸುತ್ತಿ ಪೂಜೆ ಮಾಡಿದಳು. ನಮ್ಮ ಮನೆಯಲ್ಲಿ ಅವ್ವನ ಅತ್ತೆ ಹಾಕಿಟ್ಟ ಒಂದು ನೇಮ: ಪೂಜೆ ಮುಟ್ಟಿದ ಚೌಕಟ್ಟಿಗೆ ಆಮೇಲೆ ಸುತ್ತಿಗೆ ಮುಟ್ಟಿಸುವ ಹಾಗಿಲ್ಲ. ಮನೆಯ ಲಕ್ಷ್ಮಿಯ ತಲೆಗೆ ಬಡಿದ ಹಾಗೆ ಅನ್ನುತ್ತಾಳೆ ಅವ್ವ. ಅದಕ್ಕೇ ತೋರಣ ಕಟ್ಟುವ ಮೊಳೆಗಳನ್ನು ಸಹ ಪೂಜೆಗೆ ಮೊದಲೇ ಬಡಗಿಯಿಂದ ಹೊಡೆಸಿಟ್ಟಿದ್ದಳು. ಅಷ್ಟೆಲ್ಲ ಮುಂದಾಲೋಚನೆ ಮಾಡಿದ ಮನೆಯಲ್ಲಿ ಬೀಡಿಂಗ್ ಅನ್ನುವುದು ಒಬ್ಬರಿಗೂ ನೆನಪಾಗಲಿಲ್ಲ. ಪೂಜೆ ಮುಗಿಯಿತು, ಗೋಡೆ ಎದ್ದಿತು, ಗಿಲಾವು ಆಯಿತು, ಸಂದು ಬಿಟ್ಟಿತು.

ಚೌಕಟ್ಟು ಮಾಡಿದ ಬಡಗಿ ಕೊಟ್ಟೂರಿನವರು. ಬರೀ ಅಂಟು ಹಾಕಿ ಪಟ್ಟಿ ಕೂರಿಸಿ ನೋಡಿದರು. ಗೋಡೆ ಎಡಗಡೆ ಸ್ವಲ್ಪ ಉಬ್ಬಿತ್ತು, ಪಟ್ಟಿ ಬೆಳಗಾಗುವಷ್ಟರಲ್ಲಿ ಎದ್ದು ನಿಂತಿತ್ತು. ಮೇಸ್ತ್ರಿ ಬಿಳಿ ಸಿಮೆಂಟು ತುಂಬಿ ಬಣ್ಣ ಹೊಡೆದುಬಿಡೋಣ ಅಂದ. ಅಕ್ಕ ಅದಕ್ಕೂ ಹೂಂ ಅಂದುಬಿಟ್ಟಳು. ಮನೆ ತುಂಬ ನನ್ನ ಕೈಕೆಲಸ, ಎಲ್ಲರೂ ಮೊದಲು ನೋಡುವ ಬಾಗಿಲಿಗೆ ಮಾತ್ರ ಸಿಮೆಂಟಿನ ತೇಪೆ. ಅದೂ ನಮ್ಮ ಬೇವಿನ ಮರದ ಪಕ್ಕ.

ಆಗ ಅವ್ವನ ಮುಂದೆ ಮೊಳೆ ಹೊಡೆಯುವ ಮಷೀನಿನ ಮಾತು ತೆಗೆದೆ.

"ಅದು ಸುತ್ತಿಗಿ ಅಲ್ಲವ್ವ. ಗನ್ನು. ಬ್ಯಾಟರಿ ಮ್ಯಾಲೆ ನಡೀತೈತಿ."

ಅವ್ವ ಸೂಜಿ ನಿಲ್ಲಿಸಿ ಅಕ್ಕನ ಕಡೆ ನೋಡಿದಳು. "ಸುತ್ತಿಗಿ ಬ್ಯಾಡ ಅಂದ್ರ ಬಂದೂಕ ತರ್ತೀನಿ ಅಂತಾನಲ್ಲ ಇವ. ಏನ್ ಮಾಡ್ಲಿ ಇವಗ?"

ಅಕ್ಕ ನಕ್ಕು ನಕ್ಕು ಸುಸ್ತಾದಳು. ಆದರೆ ಅವ್ವ ಪೂರ್ತಿ ಇಲ್ಲ ಅನ್ನಲಿಲ್ಲ. ತಂದು ತೋರಿಸು, ನೋಡಿ ಹೇಳುತ್ತೇನೆ ಅಂದಳು. ಬಡಿದರೆ ಸುತ್ತಿಗೆಯೇ, ಹೆಸರು ಏನಿಟ್ಟರೂ ಸುತ್ತಿಗೆಯೇ ಅಂತ ಮೊದಲೇ ಎಚ್ಚರಿಕೆಯನ್ನೂ ಕೊಟ್ಟಳು. ಅಂದರೆ ನಾನು ಆರಿಸುವ ಗನ್ನು ನನಗೆ ಹಿಡಿಸಿದರೆ ಸಾಲದು, ಅವ್ವನ ಪರೀಕ್ಷೆಯಲ್ಲಿ ಪಾಸಾಗಬೇಕು.

ಈಗ ಆರಿಸುವ ಕಥೆ ಹೇಳುತ್ತೇನೆ, ನನಗೆ ತುಂಬ ಇಷ್ಟವಾದ ಭಾಗ ಇದೇ.

ಗಾಳಿಯ ಪೈಪು ಜೋಡಿಸುವ ಗನ್ನನ್ನು ಮೊದಲೇ ಬಿಟ್ಟೆ. ಅದಕ್ಕೆ ಕಂಪ್ರೆಸರ್ ಬೇಕು, ಅದರ ಗದ್ದಲ ಕೇಳಿದರೆ ಅವ್ವ ಗೇಟಿನಾಚೆಯೇ ತಡೆಯುತ್ತಾಳೆ. ಗ್ಯಾಸಿನ ಡಬ್ಬಿ ಹಾಕುವ ಗನ್ನು ಹಡಗಲಿಯಲ್ಲಿ ಒಬ್ಬರ ಹತ್ತಿರ ಇದೆ ಅಂತ ಕೇಳಿ ನೋಡಿಬಂದೆ. ಡಬ್ಬಿ ಮುಗಿದ ಮೇಲೆ ಇನ್ನೊಂದು ಸಿಗದೆ ಅದು ಪೆಟ್ಟಿಗೆಯಲ್ಲಿ ಮಲಗಿತ್ತು. ಉಳಿದದ್ದು ಬರೀ ಬ್ಯಾಟರಿಯದು. ಅದರಲ್ಲೂ ಮೊಳೆ ಎಷ್ಟು ದಪ್ಪ ಅನ್ನುವ ಪ್ರಶ್ನೆ. ದಪ್ಪ ಮೊಳೆ ಗಟ್ಟಿ ಹಿಡಿಯುತ್ತದೆ, ಆದರೆ ತೆಳ್ಳನೆಯ ಸಾಗವಾನಿ ಪಟ್ಟಿಯನ್ನು ಸೀಳಬಹುದು, ತೂತೂ ಕಾಣುತ್ತದೆ. ತಲೆಯೇ ಇಲ್ಲದ ಕೂದಲಿನಂಥ ಪಿನ್ನು ಕಾಣುವುದೇ ಇಲ್ಲ, ಆದರೆ ಉಬ್ಬಿದ ಗೋಡೆಯ ಮೇಲೆ ಪಟ್ಟಿಯನ್ನು ಎಳೆದು ಹಿಡಿಯುವ ಶಕ್ತಿ ಅದಕ್ಕಿಲ್ಲ. ನಡುವಿನದು, ಸಣ್ಣ ತಲೆಯ ಸಪೂರ ಮೊಳೆ, ಅದೇ ನನ್ನ ಮನಸ್ಸಿನಲ್ಲಿತ್ತು. ಆದರೆ ಒಣಗಿದ ಬೇವಿನೊಳಗೆ ಅದು ಇಳಿಯುತ್ತದಾ? ನಾನು ನೋಡಿದ ಒಂದು ವಿಡಿಯೊದಲ್ಲೂ ಯಾರೂ ಬೇವಿಗೆ ಹೊಡೆದು ತೋರಿಸಿರಲಿಲ್ಲ.

ಚೌಕಟ್ಟು ಕೊಯ್ದಾಗ ಉಳಿದ ಒಂದು ತುಂಡು ಅವ್ವನ ಹತ್ತಿರ ಇತ್ತು. ಒಲೆಗೆ ಹಾಕಲು ಮನಸ್ಸಾಗದೆ, ಕೌದಿಯ ಬಟ್ಟೆ ಸರಿಯದ ಹಾಗೆ ಮೇಲೆ ಭಾರಕ್ಕೆ ಇಟ್ಟುಕೊಳ್ಳುತ್ತಿದ್ದಳು. ಅದನ್ನು ಬೇಡಿದೆ. ನೆಲಕ್ಕೆ ಇಡಬೇಡ, ಕಾಲಿಗೆ ತಾಗಿಸಬೇಡ ಅಂತ ಹೇಳಿ ಹಳೆ ಟವೆಲಿನಲ್ಲಿ ಸುತ್ತಿ ಕೊಟ್ಟಳು. ಆ ಗಂಟು ಬಗಲಲ್ಲಿ ಇಟ್ಟುಕೊಂಡು, ಪಟ್ಟಿಯ ತುಂಡು ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದೆ.

ಕೊಟ್ಟೂರಿನ ಹಾರ್ಡ್‌ವೇರ್ ಅಂಗಡಿಯವರು ಗಂಟು ಬಿಚ್ಚುವುದನ್ನೇ ನೋಡುತ್ತ ಕೂತಿದ್ದರು. "ಕನ್ಯಾ ನೋಡಾಕ ಬಂದಂಗ ಬಂದೀಯಲ್ಲೋ ತಮ್ಮಾ, ಜಾತಕ ಹಿಡ್ಕಂಡು" ಅಂದರು. ಪಕ್ಕದಲ್ಲಿ ಪೇಂಟು ಕೊಳ್ಳುತ್ತಿದ್ದವರೂ ನಕ್ಕರು. ಅವರ ಹತ್ತಿರ ಇದ್ದದ್ದು ದಪ್ಪ ಮೊಳೆಯ ಗನ್ನು. ಪ್ಲೈವುಡ್ಡಿಗೆ ಬೆಣ್ಣೆಗೆ ಹೊಡೆದ ಹಾಗೆ ಹೊಡೆದು ತೋರಿಸಿದರು. ನನ್ನ ಬೇವಿನ ಮೇಲೆ ಪಟ್ಟಿ ಇಟ್ಟು ಹೊಡೆದಾಗ ಮೊಳೆ ಇಳಿಯಿತು, ಪಟ್ಟಿ ಸೀಳಿತು. ಜಾತಕ ಕೂಡಲಿಲ್ಲ ಅಂತ ಅವರೇ ಒಪ್ಪಿಕೊಂಡು, ಹರಪನಹಳ್ಳಿಯ ಒಂದು ಅಂಗಡಿಗೆ ದಾರಿ ಹೇಳಿದರು.

ಅಲ್ಲಿ ನಾನು ಅಂದುಕೊಂಡಿದ್ದ ಸಪೂರ ಮೊಳೆಯದೇ ಸಿಕ್ಕಿತು. ಎತ್ತಿ ನೋಡಿದೆ. ಒಂದು ಕೈಯಲ್ಲಿ ಪಟ್ಟಿ ಒತ್ತಿಹಿಡಿದು ಇನ್ನೊಂದು ಕೈಯಲ್ಲಿ ತಲೆಯ ಮೇಲೆ ಎತ್ತಬಹುದಾದಷ್ಟೇ ಭಾರ. ಮೂತಿಗೆ ರಬ್ಬರು, ಮರಕ್ಕೆ ಗುರುತು ಬೀಳುವುದಿಲ್ಲ. ಮೂತಿಯನ್ನು ಮರಕ್ಕೆ ಒತ್ತದೆ ಗುಂಡಿ ಅದುಮಿದರೆ ಹೊಡೆಯುವುದೇ ಇಲ್ಲ, ಮೊಳೆ ಮುಗಿದರೂ ಸುಮ್ಮನಾಗುತ್ತದೆ. ಮೊಳೆ ಎಷ್ಟು ಆಳಕ್ಕೆ ಹೋಗಬೇಕು ಅಂತ ತಿರುಗಿಸಲು ಸಣ್ಣ ಚಕ್ರ. ಎಲ್ಲಕ್ಕಿಂತ ಮೇಲಾಗಿ, ವೈರಿಂಗ್ ಕೆಲಸಕ್ಕೆ ಇಟ್ಟುಕೊಂಡಿದ್ದ ನನ್ನ ಡ್ರಿಲ್ಲಿನ ಬ್ಯಾಟರಿಯೇ ಇದಕ್ಕೂ ಕೂರುತ್ತಿತ್ತು. ಚೀಲದಲ್ಲಿದ್ದ ಬ್ಯಾಟರಿ ತೆಗೆದು ಹಾಕಿದಾಗ ಟಕ್ ಅಂತ ಕೂತ ಸದ್ದು ಇನ್ನೂ ಕಿವಿಯಲ್ಲಿದೆ.

ಹೊಡೆದೆ. ಬೇವಿನೊಳಗೆ ಬಾಗಿ, ಮೊಳೆಯ ತುದಿ ತುಂಡಿನ ಪಕ್ಕದಿಂದ ಸೂಜಿಯ ಹಾಗೆ ಹೊರಗೆ ಇಣುಕಿತು.

"ನಿನ್ ಮರಾನೇ ಸರಿ ಇಲ್ಲ ಬಿಡಪ್ಪ. ಗನ್ನಿಂದೇನ್ ತಪ್ಪೈತೆ?" ಅಂದ ಅಂಗಡಿಯವ.

ನಮ್ಮ ಮರಕ್ಕೆ ಹಾಗೆ ಅಂದದ್ದು ನನಗೆ ಚುಚ್ಚಿತು. ಇನ್ನೊಂದು ಮೊಳೆ ಕೈಯಲ್ಲಿ ಹಿಡಿದು ಬೆಳಕಿಗೆ ನೋಡಿದೆ. ತುದಿ ದುಂಡಗೆ ಚೂಪಾಗಿರಲಿಲ್ಲ, ಉಳಿಯ ಬಾಯಿಯ ಹಾಗೆ ಎರಡು ಕಡೆ ಮಾತ್ರ ಸವೆಸಿದಂತಿತ್ತು. ಅಂದರೆ ಇದು ಬಾಗುವುದಾದರೆ ಆ ಎರಡು ಕಡೆಗೇ ಬಾಗಬೇಕು. ಬೇವಿನ ನಾರು ಒಂದರೊಳಗೊಂದು ಹೆಣೆದುಕೊಂಡಿರುತ್ತದೆ, ಬಾಗಿಸಿಯೇ ಬಾಗಿಸುತ್ತದೆ. ಹಾಗಾದರೆ ಗನ್ನನ್ನು ಪಟ್ಟಿಗೆ ಅಡ್ಡಲಾಗಿ ಹಿಡಿದರೆ? ಬಾಗಿದರೂ ಪಟ್ಟಿಯ ಉದ್ದಕ್ಕೆ ಬಾಗುತ್ತದೆ, ಪಕ್ಕದಿಂದ ಹೊರಬರಲು ದಾರಿಯೇ ಇರುವುದಿಲ್ಲ. ಅಡ್ಡ ಹಿಡಿದು ಹೊಡೆದೆ. ಇಳಿಯಿತು. ಮತ್ತೆ ಹೊಡೆದೆ, ಇಳಿಯಿತು. ಸೀಳು ಇಲ್ಲ, ತುದಿ ಇಲ್ಲ. ಅಂಗಡಿಯವ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿ, ಒಳಗಿನಿಂದ ತನ್ನ ಹಳೆ ಸ್ಟೂಲೊಂದನ್ನು ತಂದು ಇದರ ಕಾಲಿಗೂ ಒಂದು ಹೊಡಿ ನೋಡೋಣ ಅಂದ. ಯಾರೂ ಹೇಳಿಕೊಡದೆ ಕಂಡುಕೊಂಡದ್ದು ಅಂತ, ಕೊಂಡ ಗನ್ನನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬರುತ್ತ ಕಿಟಕಿಗೆ ಮುಖ ಮಾಡಿ ಒಬ್ಬನೇ ನಗುತ್ತಿದ್ದೆ.

ಅವ್ವ ಕಟ್ಟೆಯ ಮೇಲೆ ಕೌದಿ ಹರಡಿಕೊಂಡು ಕೂತಿದ್ದಳು. ಬೇವಿನ ತುಂಡನ್ನು ನಾನೇ ಮಾಡಿದ ಮಣೆಯ ಮೇಲೆ ಇಟ್ಟೆ, ಮೇಲೆ ಪಟ್ಟಿ ಇಟ್ಟೆ. ಅವ್ವ ಸೆರಗಿನಿಂದ ಒಂದು ಕಿವಿ ಮುಚ್ಚಿಕೊಂಡಳು. ಠಪ್ ಅಂತ ಒಂದೇ ಸದ್ದು.

ಅವ್ವ ಕಾದಳು. ಆಮೇಲೆ, "ಹೊಡಿ ಮತ್ತ" ಅಂದಳು.

"ಆತವ್ವ."

"ಏನಾತು?"

"ಹೊಡದಾತು."

ಅವಳು ನಂಬದೆ ತುಂಡನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಪಟ್ಟಿಯನ್ನು ಎಳೆದಳು. ಬರಲಿಲ್ಲ. ಸೂಜಿ ತಳ್ಳಿ ತಳ್ಳಿ ಒರಟಾದ ಹೆಬ್ಬೆರಳನ್ನು ಮೇಲೆ ಆಡಿಸಿದಳು. ಕೌದಿಯಲ್ಲಿ ಸಡಿಲವಾದ ಹೊಲಿಗೆಯನ್ನು ಕಣ್ಣಿಗಿಂತ ಮೊದಲು ಹಿಡಿಯುವ ಬೆರಳು ಅದು. ತೂತನ್ನು ಹಿಡಿದುಬಿಟ್ಟಿತು. ಬಹಳ ಹೊತ್ತು ಅಲ್ಲೇ ನಿಂತಿತ್ತು.

"ಇದು ಬಡಿಯಾಂಗಿಲ್ಲ" ಅಂದಳು ಕೊನೆಗೆ. "ಹೊಲೀತೈತಿ. ಹೊಲಿಗಿ ಹಾಕಬ್ಯಾಡ ಅಂತ ನಮ್ಮತ್ತಿ ಏನೂ ಅಂದಿಲ್ಲ."

ಹಿಂದೆಯೇ ಎರಡು ಕರಾರು. ಕೆಲಸ ನಡೆಯುವಾಗ ಸುತ್ತಿಗೆ ಹೊಸ್ತಿಲ ಹತ್ತಿರವೂ ಬರಕೂಡದು. ಮತ್ತೆ, ಮೂಲೆಗಳಲ್ಲಿ ಹತ್ತಿರ ಹತ್ತಿರ ಹಾಕಬೇಕು, ಕೌದಿಯಾದರೂ ಬಾಗಿಲಾದರೂ ಮೊದಲು ಬಿಚ್ಚಿಕೊಳ್ಳುವುದು ಮೂಲೆಯೇ. ಎರಡನೆಯದನ್ನು ನನಗೆ ಯಾವ ವಿಡಿಯೊವೂ ಹೇಳಿರಲಿಲ್ಲ.

ಪಟ್ಟಿ ಹಾಕುವ ದಿನ ಅವ್ವ ಬಾಗಿಲ ಎದುರಿಗೆ ಕುರ್ಚಿ ಹಾಕಿಸಿಕೊಂಡು ಕೂತಳು. ಮೂಲೆಗಳನ್ನು ಓರೆಯಾಗಿ ಕೊಯ್ದು ಕೂಡಿಸಿದ್ದೆ. ಮೇಲಿನ ಪಟ್ಟಿ ಕೂತಿತು, ಬಲಗಡೆಯದೂ ಕೂತಿತು. ಎಡಗಡೆ ಗೋಡೆ ಉಬ್ಬಿದ ಕಡೆ ಮೊಣಕೈಯಿಂದ ಒತ್ತಿಹಿಡಿದು ಹೊಡೆದರೆ, ಮೊಳೆ ಪೂರ್ತಿ ಇಳಿಯದೆ ತಲೆ ಮೇಲಿಟ್ಟುಕೊಂಡು ನಿಂತುಬಿಟ್ಟಿತು. ಬೇವಿನ ಗಂಟು. ಅಲ್ಲಿ ಒಂದು ಕೊಂಬೆ ಇದ್ದಿರಬೇಕು.

ಯಾವ ಬಡಗಿಯಾದರೂ ಇಂಥ ಹೊತ್ತಿನಲ್ಲಿ ಸುತ್ತಿಗೆಯಿಂದ ಒಂದು ಏಟು ಹಾಕಿ ಮುಗಿಸುತ್ತಾನೆ. ನನ್ನ ಕೈಯೂ ಪಕ್ಕಕ್ಕೆ ಹುಡುಕಿಕೊಂಡು ಹೋಯಿತು. ಅವ್ವ ಆ ಕೈಯನ್ನೇ ನೋಡುತ್ತಿದ್ದಳು. ಒಳಗಿನಿಂದ ಬಂದ ಅಕ್ಕನೂ ಅಲ್ಲೇ ನಿಂತಳು. ನಾನು ಇಕ್ಕಳ ತೆಗೆದುಕೊಂಡೆ. ಪಟ್ಟಿಗೆ ಗಾಯವಾಗದ ಹಾಗೆ ಕೆಳಗೆ ರಟ್ಟಿನ ಚೂರು ಇಟ್ಟು, ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಮೊಳೆಯನ್ನು ಹೊರಗೆಳೆದೆ. ಗಂಟಿನಿಂದ ಎರಡು ಬೆರಳು ಕೆಳಗೆ ಬಂದು, ಗನ್ನು ಅಡ್ಡ ಹಿಡಿದು, ಉಸಿರು ಬಿಗಿಹಿಡಿದು ಹೊಡೆದೆ. ಇಳಿಯಿತು. ಗೋಡೆಯ ಉಬ್ಬನ್ನು ಅಪ್ಪಿಕೊಂಡು ಪಟ್ಟಿ ಕೂತಿತು, ಸಂದು ಮಾಯವಾಯಿತು.

"ದಾರ ಗಂಟಾದ್ರ ನಾನೂ ಹಂಗ ಮಾಡ್ತೀನಿ" ಅಂದಳು ಅವ್ವ ಅಕ್ಕನಿಗೆ, ನನಗೆ ಕೇಳಿಸುವ ಹಾಗೆ.

ತೂತುಗಳಿಗೆ ಸಾಗವಾನಿಯ ಹೊಟ್ಟನ್ನು ಅಂಟಿನಲ್ಲಿ ಕಲಸಿ ತುಂಬಿ, ಒಣಗಿದ ಮೇಲೆ ಉಜ್ಜಿ ಪಾಲಿಶ್ ಹಚ್ಚಿದೆ. ಅವ್ವ ಕಣ್ಣು ಮುಚ್ಚಿಕೊಂಡು ಹೆಬ್ಬೆರಳಿಟ್ಟು ಪರೀಕ್ಷೆಗೆ ಇಳಿದಳು. ಬಲಗಡೆ ಕೆಳಗಿನಿಂದ ಮೇಲಕ್ಕೆ ಹೋದಳು, ಸಿಗಲಿಲ್ಲ. ಎಡಗಡೆ ಅರ್ಧದವರೆಗೂ ಸಿಗಲಿಲ್ಲ. ಆಮೇಲೆ ಬೆರಳು ನಿಂತಿತು. ಇಕ್ಕಳದಿಂದ ಎಳೆದಿದ್ದೆನಲ್ಲ, ಅದೇ ಜಾಗ. ಇನ್ನೊಮ್ಮೆ ತುಂಬಿ ಉಜ್ಜಿಬಿಡುತ್ತೇನೆ ಅಂತ ಮರಳಿನ ಕಾಗದ ತೆಗೆದುಕೊಂಡೆ.

"ಇರ್ಲಿ ಬಿಡು ಅದು" ಅಂದಳು. "ನನ್ನ ಮಗ ಮಾಡ್ಯಾನ ಅಂತ ಗೊತ್ತಾಗಾಕ ಒಂದಾರ ಗುರುತು ಬೇಕಲ್ಲ."

ಗೃಹಪ್ರವೇಶ ಮಾಡಿ ಮನೆ ತುಂಬುವ ದಿನ ನೆಂಟರು, ಅಕ್ಕನ ಕಚೇರಿಯವರು, ಓಣಿಯವರು ಎಲ್ಲ ಬಂದರು. ಕೊಟ್ಟೂರಿನ ಬಡಗಿಯೂ ಬಂದು, ಚಪ್ಪಲಿ ಬಿಡುವುದನ್ನೂ ಮರೆತು ಪಟ್ಟಿಯನ್ನೇ ನೋಡುತ್ತ ನಿಂತರು. ಅವ್ವ ಯಾರನ್ನೂ ಸುಮ್ಮನೆ ಒಳಗೆ ಬಿಡಲಿಲ್ಲ. ಮೊಳೆ ಎಲ್ಲಿದೆ ಹುಡುಕಿರಿ ನೋಡೋಣ ಅಂತ ಬಾಗಿಲಲ್ಲೇ ನಿಲ್ಲಿಸಿದಳು. ಅವರು ಹುಡುಕಿ ಹುಡುಕಿ ಸೋತ ಮೇಲೆ, ಅವರ ಕೈ ಹಿಡಿದು ಎಡಗಡೆಯ ಆ ಒಂದು ಜಾಗದ ಮೇಲೆ ತಾನೇ ಬೆರಳು ಇಡಿಸುತ್ತಿದ್ದಳು. ನಾನು ಒಳಗೆ ಊಟದ ಎಲೆ ಹಾಕುತ್ತಿದ್ದೆ. ಎಲೆ ಹಾಕುತ್ತಲೇ ಪ್ರತಿ ಸಲವೂ ಬಾಗಿಲ ಕಡೆ ತಿರುಗಿ ನೋಡುತ್ತಿದ್ದೆ.