ನೀಲಿ ಜೇಬಿನ ನಾಗರಾಜಯ್ಯ

ನಾಗರಾಜಯ್ಯನವರ ಬಿಳಿ ಅಂಗಿಗಳಲ್ಲಿ ಒಂದರ ಜೇಬೂ ಬಿಳಿಯಾಗಿ ಉಳಿದಿರಲಿಲ್ಲ. ಒಳಗೆ ಸದಾ ನಾಲ್ಕು ಮಡಿಕೆಯ ಕಾರ್ಬನ್ ಹಾಳೆ. ಬೆವರಿಗೆ ಅದರ ನೀಲಿ ಬಟ್ಟೆಗಿಳಿದು ಎದೆಯ ಮೇಲೆ ಅಂಗೈಯಗಲದ ಕಲೆಯಾಗಿರುತ್ತಿತ್ತು. "ಒಗೆದೂ ಒಗೆದೂ ನನ್ನ ರಟ್ಟೆ ಬಿದ್ದೋಯ್ತು ಪ್ರಭಾ, ಇವರಿಗೆ ನೀಲಿ ಅಂಗಿನೇ ಹೊಲಿಸಿಬಿಡೋಣ ಅನ್ಸುತ್ತೆ" ಎಂದು ಅವರ ಹೆಂಡತಿ ಲಲಿತಾ ಆಂಟಿ ನನ್ನ ಮುಂದೆ ಗೊಣಗುತ್ತಿದ್ದರು. ನಾಗರಾಜಯ್ಯನವರು ಮಾತ್ರ ಕನ್ನಡಕದ ಮೇಲಿಂದ ನೋಡಿ, "ನಕಲು ಇಲ್ದೆ ಕಾಗದ ಕೊಡೋದೂ ಒಂದೇ, ಗಾಳಿಗೆ ತೂರೋದೂ ಒಂದೇ ಕಣೆ" ಎನ್ನುತ್ತಿದ್ದರು.

ಸಿಟಿ ಸಿವಿಲ್ ಕೋರ್ಟಿನಲ್ಲಿ ಬೆಂಚ್ ಕ್ಲರ್ಕ್ ಆಗಿದ್ದು ನಿವೃತ್ತರಾದವರು. ಜಯನಗರ ಮುಗಿದು ಸಿದ್ದಾಪುರ ಶುರುವಾಗುವ ನಮ್ಮ ಬೀದಿಯಲ್ಲಿ, ನಮ್ಮ ಮನೆಯಿಂದ ಮೂರನೆಯದು ಅವರ ಮನೆ. ಯಾರಿಗೆ ರೇಷನ್ ಕಾರ್ಡಿನಲ್ಲಿ ಹೆಸರು ತಪ್ಪಿದೆಯೋ, ಯಾರ ಮನೆ ಮುಂದೆ ಮೋರಿ ಉಕ್ಕಿದೆಯೋ, ಯಾವ ವಿಧವೆಗೆ ಪಿಂಚಣಿ ನಿಂತಿದೆಯೋ, ಎಲ್ಲರೂ ಅವರ ಜಗಲಿಗೆ ಬರುತ್ತಿದ್ದರು. ಕಾಫಿ ಕೊಟ್ಟು ಅರ್ಜಿ ಬರೆದುಕೊಡುತ್ತಿದ್ದರು. ಅವರದೇ ಒಂದು ಗಾದೆಯಿತ್ತು: "ಬಾಯಿಮಾತು ಬಸ್ ಸ್ಟ್ಯಾಂಡ್ ತನಕ, ಬರೆದದ್ದು ಹೈಕೋರ್ಟ್ ತನಕ."

ವರ್ಷಕ್ಕೆರಡು ಅರ್ಜಿಗಳನ್ನು ಮಾತ್ರ ಅವರು ಮದುವೆ ಲಗ್ನಪತ್ರಿಕೆಯಷ್ಟು ಮಡಿಯಿಂದ ಬರೆಯುತ್ತಿದ್ದರು. ಒಂದು, ನಮ್ಮ ಬೀದಿಯ ಗಣೇಶನನ್ನು ಬಿಡುವ ದಿನದ ಮೆರವಣಿಗೆಗೆ ಪೊಲೀಸ್ ಠಾಣೆಯ ಅನುಮತಿ ಕೇಳುವುದು. ಇನ್ನೊಂದು, ಕೆಳಗಿನ ಬೀದಿಯ ಮಸೀದಿಯವರ ಈದ್ ಮಿಲಾದ್ ಮೆರವಣಿಗೆಯದು. ಎರಡಕ್ಕೂ ಒಂದೇ ಕೈಬರಹ, ಒಂದೇ ಕಾರ್ಬನ್. ಗಣೇಶನ ಅರ್ಜಿ ಬರೆಯುವ ಮುಂಚೆ ಮಸೀದಿ ಕಮಿಟಿಯ ಕಾರ್ಯದರ್ಶಿ, ಟೈಲರ್ ಬಷೀರ್ ಸಾಬರ ಅಂಗಡಿಗೆ ಹೋಗಿ ಸ್ಟೂಲಿನ ಮೇಲೆ ಕೂರುತ್ತಿದ್ದರು. "ಏನ್ ಸಾಬ್ರೇ, ಈ ಸಲ ಸಾಯಂಕಾಲದ ನಮಾಜು ಎಷ್ಟೊತ್ತಿಗೆ ಮುಗಿಯುತ್ತೆ?" ಮಿಲಾದ್ ಅರ್ಜಿಗೆ ಮುಂಚೆ ಗಣೇಶ ಸಂಘದ ಹುಡುಗರನ್ನು ಹಿಡಿದು, "ಆವತ್ತು ದೇವಸ್ಥಾನದಲ್ಲಿ ಏನಾದ್ರೂ ಪೂಜೆ ಇದೆಯೇನ್ರೋ?" ಎನ್ನುತ್ತಿದ್ದರು. ಇಷ್ಟೆಲ್ಲ ಯಾಕೆ ಅಂಕಲ್ ಎಂದು ನಾನೊಮ್ಮೆ ಕೇಳಿದ್ದೆ. "ನಾವು ಎಷ್ಟೊತ್ತಿಗೆ ಹೊರಡ್ತೀವಿ ಅನ್ನೋದು ಮುಖ್ಯ ಅಲ್ಲಮ್ಮ. ಅವರ ಬಾಗಿಲ ಮುಂದೆ ಎಷ್ಟೊತ್ತಿಗೆ ಇರ್ತೀವಿ ಅನ್ನೋದು ಮುಖ್ಯ" ಎಂದರು.

ಬರೆದು ಕೈ ತೊಳೆದುಕೊಳ್ಳುವವರೂ ಅಲ್ಲ. ಮೆರವಣಿಗೆಯ ಮುಂದೆ, ತಮಟೆಯವರಿಗಿಂತಲೂ ಮುಂದೆ, ವಾಚು ನೋಡುತ್ತಾ ನಡೆಯುತ್ತಿದ್ದರು. ಒಂದು ವರ್ಷ ರೇಷನ್ ಅಂಗಡಿಯ ತಿರುವಿನಲ್ಲಿ ಗಕ್ಕನೆ ಕೈಯೆತ್ತಿ, "ಇನ್ನೂ ನಾಲ್ಕು ನಿಮಿಷ ಇದೆ, ನಿಲ್ಸಿ" ಎಂದರು. ನನ್ನ ತಮ್ಮ ಶ್ರೀಧರ ಆಗಿನ್ನೂ ಕಾಲೇಜು ಹುಡುಗ. "ಏನ್ ಅಂಕಲ್, ಗಣಪತಿನೂ ಕೋರ್ಟ್ ಟೈಮಿಗೆ ನಡೀಬೇಕಾ?" ಎಂದು ರೇಗಿಸಿದ. "ನಡೀಬೇಕಪ್ಪ. ಅವನೂ ನನ್ನ ಹಾಗೆ ಹೇಳಿದ್ದು ಬರ್ಕೊಳ್ಳೋ ಗುಮಾಸ್ತನೇ, ಅವನಿಗೆ ಬೇಜಾರಿಲ್ಲ." ಇಡೀ ಮೆರವಣಿಗೆ ನಕ್ಕಿತು, ನಾಲ್ಕು ನಿಮಿಷ ನಿಂತಿತು, ಹೊರಟಿತು. ತೊಂಬತ್ತರ ದಶಕದಲ್ಲಿ ಊರಿನ ಬೇರೆ ಕಡೆ ಅಂಗಡಿಗಳು ಬಾಗಿಲೆಳೆದುಕೊಂಡ ದಿನಗಳಲ್ಲೂ ನಮ್ಮಲ್ಲಿ ಒಂದು ಗಾಜು ಒಡೆದಿರಲಿಲ್ಲ. ಅದಕ್ಕೆ ಆ ನೀಲಿ ಜೇಬೇ ಕಾರಣ ಎಂದು ಆಗ ಯಾರಿಗೂ ಹೊಳೆಯಲಿಲ್ಲ. ನನಗೂ ಇಲ್ಲ.

ಆಮೇಲೆ ಒಂದು ವರ್ಷ ಗಣೇಶನ ಹಬ್ಬ ರಂಜಾನ್ ತಿಂಗಳಲ್ಲಿ ಬಂತು. ಮೂವತ್ತು ಚಿಲ್ಲರೆ ವರ್ಷಕ್ಕೊಮ್ಮೆ, ಎರಡು ಮೂರು ವರ್ಷ ಸಾಲಾಗಿ, ಹಾಗೆ ಕೂಡಿಬರುತ್ತದಂತೆ. ನಾಗರಾಜಯ್ಯನವರು ಅರ್ಜಿ ಬರೆಯಲು ಶುರುಮಾಡಿದ ಮೇಲೆ ಅದೇ ಮೊದಲು. ಅದೇ ವಾರ ಲಲಿತಾ ಆಂಟಿಗೆ ಪಿತ್ತಕೋಶದ ಆಪರೇಷನ್. ಸಂಘದವರು ಆಸ್ಪತ್ರೆಗೇ ಹೋಗಿ ಅರ್ಜಿ ಬೇಕೆಂದರು. ಅವರು ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೂತು, ಹಿಂದಿನ ವರ್ಷದ ನಕಲನ್ನು ತರಿಸಿಕೊಂಡು, ತಾರೀಖೊಂದನ್ನು ಬದಲಾಯಿಸಿ ಹಾಗೇ ಇಳಿಸಿಕೊಟ್ಟರು. 'ಸಂಜೆ ಆರೂವರೆಗೆ, ನಮಾಜು ಮುಗಿದ ನಂತರ, ಮಸೀದಿ ರಸ್ತೆ.' ಬೇರೆ ದಿನಗಳಲ್ಲಿ ಆರೂವರೆಗೆ ಆ ಬೀದಿ ಖಾಲಿ. ರಂಜಾನಿನಲ್ಲಿ ಅದು ಉಪವಾಸ ಬಿಡುವ ಹೊತ್ತು, ನಮಾಜು ಅದಾದ ಮೇಲೆ. ಬಷೀರ್ ಸಾಬರ ಅಂಗಡಿಗೆ ಆ ಸಲ ಅವರು ಹೋಗಿರಲಿಲ್ಲ. ಸಂಘದವರು ಅವರು ಕೇಳಿರುತ್ತಾರೆಂದುಕೊಂಡರು. ಮಸೀದಿಯವರು ಅವರು ಕೇಳಲು ಬಾರದ್ದನ್ನು ನೋಡಿ, ಮೆರವಣಿಗೆ ಬೇರೆ ದಾರಿಯಲ್ಲಿ ಹೋಗುತ್ತದೆಂದುಕೊಂಡರು. ಠಾಣೆಯವರು ಎಂದಿನಂತೆ ಮೊಹರು ಒತ್ತಿದರು.

ಆರೂವರೆಗೆ ನಮ್ಮ ಗಣೇಶ ತಿರುವು ದಾಟಿದಾಗ ಬೀದಿಯ ತುಂಬ ಚಾಪೆ, ಖರ್ಜೂರದ ತಟ್ಟೆ, ಗಂಜಿಯ ಪಾತ್ರೆ. ಮುಂದೆ ವಾಚು ಹಿಡಿದು ಕೈಯೆತ್ತುವವರು ಇರಲಿಲ್ಲ. ಯಾರು ಯಾರನ್ನು ಮೊದಲು ತಳ್ಳಿದರೋ ದೇವರಿಗೇ ಗೊತ್ತು. ಬಿಸಿ ಗಂಜಿ ಒಬ್ಬ ಮುದುಕರ ಕಾಲ ಮೇಲೆ ಚೆಲ್ಲಿತು. ಒಂದು ಕಲ್ಲು ಬಂದು ಗಣೇಶನ ಕೈ ಮುರಿಯಿತು. ಲಾಠಿ ಬೀಸಿದ ಪೊಲೀಸರು ಕೈಗೆ ಸಿಕ್ಕ ಎಂಟು ಹುಡುಗರನ್ನು ವ್ಯಾನಿಗೆ ತುಂಬಿದರು. ಅದರಲ್ಲಿ ನನ್ನ ಶ್ರೀಧರ ಒಬ್ಬ, ಬಷೀರ್ ಸಾಬರ ಮಗ ಇಮ್ತಿಯಾಜ್ ಇನ್ನೊಬ್ಬ.

ಶ್ರೀಧರನಿಗೆ ಸರ್ಕಾರಿ ಕೆಲಸದ ಆರ್ಡರ್ ಬರುವುದರಲ್ಲಿತ್ತು. ಪೊಲೀಸ್ ವೆರಿಫಿಕೇಷನ್ನಿಗೆ ಅದು ನಿಂತುಹೋಯಿತು. ಅಮ್ಮ ಊಟ ಬಿಟ್ಟಳು. ನಮ್ಮ ವಕೀಲರು ಹೇಳಿದ್ದು ಇಷ್ಟೆ: "ಸಮಯ ಮಸೀದಿಯವರನ್ನ ಕೇಳಿ, ಅವರು ಒಪ್ಪಿದ ಮೇಲೇ ಬರೆದೆ ಅಂತ ನಾಗರಾಜಯ್ಯ ಹೇಳ್ಲಿ. ತಪ್ಪು ಮಸೀದಿಯವರ ತಲೆ ಮೇಲೆ ಬೀಳುತ್ತೆ, ನಿಮ್ಮ ಹುಡುಗ್ರು ಹೊರಗೆ ಬರ್ತಾರೆ." ನಾನೇ ಹೋಗಿ ಕೇಳಿದೆ. ಹೌದು, ನಾನೇ.

"ಕೇಳಿಲ್ವಲ್ಲಮ್ಮ" ಎಂದರು.

"ಹದಿನಾಲ್ಕು ವರ್ಷ ಕೇಳಿದೀರಲ್ಲ ಅಂಕಲ್. ಈ ವರ್ಷನೂ ಕೇಳ್ದೆ ಅಂದ್ರೆ ಏನ್ ಹೋಗುತ್ತೆ?"

"ಮೂವತ್ತು ವರ್ಷ ಕಟಕಟೆ ಪಕ್ಕ ನಿಂತು ಜನರ ಕೈಲಿ ಪ್ರಮಾಣ ಮಾಡಿಸಿದೀನಿ ಪ್ರಭಾ. ಈಗ ನಾನೇ ಹತ್ತಿ ನಿಂತು ಸುಳ್ಳು ಹೇಳ್ಲಾ? ಬಷೀರ್ ಮಗನೂ ಮಗನೇ ಅಲ್ವಾ?"

ನನ್ನ ನಾಲಿಗೆಗೆ ಹಿಡಿತವಿರಲಿಲ್ಲ. "ನಿಮಗೆ ಮಕ್ಕಳಿದ್ದಿದ್ರೆ ಗೊತ್ತಾಗ್ತಿತ್ತು" ಎಂದುಬಿಟ್ಟೆ. ಒಳಗೆ ಲಲಿತಾ ಆಂಟಿ ಲೋಟ ತೊಳೆಯುತ್ತಿದ್ದ ಸದ್ದು ನಿಂತಿತು. ಆ ಮಾತನ್ನು ನಾನು ಇವತ್ತಿಗೂ ನುಂಗಲಾರೆ, ಉಗುಳಲಾರೆ.

ಕೋರ್ಟಿನಲ್ಲಿ ಸಾಕ್ಷಿ ಹೇಳಲು ಕರೆದಾಗ ಅವರು ಒಗೆದ ಅಂಗಿ ಹಾಕಿಕೊಂಡು ಬಂದಿದ್ದರು, ಕಲೆ ಮಾತ್ರ ಹಾಗೇ ಇತ್ತು. ಮಸೀದಿಯವರನ್ನು ಕೇಳಿದ್ದಿರಾ ಎಂಬ ಪ್ರಶ್ನೆಗೆ ಇಲ್ಲ ಎಂದರು. ಆಮೇಲೆ ಜಡ್ಜ್ ಕಡೆ ತಿರುಗಿ ಕೈಮುಗಿದು, "ತಪ್ಪು ನನ್ನದು ಸ್ವಾಮಿ. ಹಳೇ ಕಾಗದ ನೋಡಿ ಹೊಸದು ಬರೆದೆ. ಎರಡೂ ಕಡೆ ಹುಡುಗ್ರು ನನ್ನ ನಂಬಿದ್ರು, ಅಷ್ಟೇ ಅವರ ತಪ್ಪು" ಎಂದರು. "ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ" ಎಂದರು ಜಡ್ಜ್. ಟೈಪಿಸ್ಟ್ ಬೆರಳು ಎತ್ತಿಕೊಂಡೇ ಕೂತಿದ್ದಳು. ಆ ಮಾತು ದಾಖಲೆಗೆ ಹೋಗಲಿಲ್ಲ. ಅದನ್ನು ನಾಗರಾಜಯ್ಯನವರು ಗಮನಿಸಿದರು. ಇಳಿಯುವಾಗ ಕಟಕಟೆಯ ಮರವನ್ನು ಹಿಡಿದುಕೊಂಡು ಇಳಿದರು.

ಅಲ್ಲಿಂದ ಜಗಲಿ ಬರಿದಾಯಿತು. ನಮ್ಮವರಾಗಿ ನಮ್ಮ ವಿರುದ್ಧ ಹೇಳಿದರು ಎಂದು ನಮ್ಮ ಬೀದಿ. ಇಷ್ಟಕ್ಕೆಲ್ಲ ಮೂಲ ಇವರೇ ಎಂದು ಕೆಳಗಿನ ಬೀದಿ. ಕೆಲಸ ಕಳೆದುಕೊಂಡ ಶ್ರೀಧರನನ್ನು ವಾರ್ಡಿನ ಲೀಡರೊಬ್ಬರು ಹೆಗಲ ಮೇಲೆ ಕೈಹಾಕಿ ಕರೆದುಕೊಂಡರು. ಅವನು ಸಂಘದ ಸೆಕ್ರೆಟರಿಯಾದ. ಹಣೆಯ ಕುಂಕುಮ ಉದ್ದವಾಯಿತು, ಮಾತು ಗಿಡ್ಡವಾಯಿತು. ಅರ್ಜಿ ಈಗ ಲೀಡರ ಆಫೀಸಿನಲ್ಲಿ ಕಂಪ್ಯೂಟರಿನಲ್ಲಿ ತಯಾರಾಗುತ್ತಿತ್ತು. ನಮ್ಮ ಮನೆಯಲ್ಲಿ ನಾಗರಾಜಯ್ಯನವರ ಹೆಸರೆತ್ತುವಂತಿರಲಿಲ್ಲ. ನಾನು ಬ್ಯಾಂಕಿಗೆ ಹೋಗುವಾಗ ಅವರ ಗೇಟು ಬಂದರೆ ಚೀಲದಲ್ಲಿ ಏನೋ ಹುಡುಕುವವಳಂತೆ ತಲೆ ತಗ್ಗಿಸುತ್ತಿದ್ದೆ.

ಆ ಗಲಾಟೆಯಾದ ಎರಡು ವರ್ಷದ ನಂತರವೂ ಹಬ್ಬ ರಂಜಾನಿನಲ್ಲೇ ಬಂದಿತ್ತು. ಬ್ಯಾಂಕಿನಿಂದ ಬರುತ್ತಿದ್ದಾಗ ಬಷೀರ್ ಸಾಬರ ಅಂಗಡಿಯ ಎದುರಿನ ಕಟ್ಟೆಯ ಮೇಲೆ ಅವರು ಕೂತಿದ್ದು ಕಂಡಿತು. ಇಳಿದುಹೋಗಿದ್ದರು. ಅಂಗಡಿಯೊಳಗಿದ್ದ ಬಷೀರ್ ಸಾಬರು ತಲೆಯೆತ್ತದೆ ಮಷೀನು ತುಳಿಯುತ್ತಿದ್ದರು. ಇವರು ತೊಡೆಯ ಮೇಲೆ ಪುಸ್ತಕವಿಟ್ಟುಕೊಂಡು ವಾಚು ನೋಡಿ ಏನೋ ಬರೆದುಕೊಳ್ಳುತ್ತಿದ್ದರು.

"ಪ್ರಭಾ" ಎಂದರು. ತಪ್ಪಿಸಿಕೊಳ್ಳಲಾಗಲಿಲ್ಲ. "ನಾಲ್ಕು ದಿನದಿಂದ ನೋಡ್ತಿದೀನಮ್ಮ. ಏಳು ಗಂಟೆ ಹೊತ್ತಿಗೆ ಚಾಪೆ ಎತ್ತುತ್ತಾರೆ. ಏಳೂಕಾಲಾದ್ರೆ ಯಾರಿಗೂ ತೊಂದ್ರೆ ಇಲ್ಲ." ಜೇಬಿನಿಂದ ಮಡಿಸಿದ ಕಾಗದ ತೆಗೆದರು. ಅರ್ಜಿ. ಅದೇ ದುಂಡನೆಯ ಅಕ್ಷರ, ಕೆಳಗೆ ಸಹಿಗೆ ಬಿಟ್ಟ ಜಾಗ. "ಶ್ರೀಧರನಿಗೆ ಕೊಡು. ನನ್ನ ಹೆಸರು ಹೇಳ್ಬೇಡ. ಯಾರು ಬರೆದ್ರು ಅಂತ ಕೇಳಿದ್ರೆ ನೀನೇ ಬರೆದೆ ಅನ್ನು... ಬೇಡ, ಸುಳ್ಳು ಬೇಡ. ಸುಮ್ನೆ ಕೊಡು. ಒಂದ್ಸಲ ಸರಿಯಾಗಿ ಬರೆದು ಹೋಗ್ಬಿಡ್ತೀನಿ."

ತಲೆಯಾಡಿಸಿ ಕಾಗದ ತೆಗೆದುಕೊಂಡೆ. ಕ್ಷಮಿಸಿ ಎನ್ನಬೇಕೆಂದು ಬಾಯಿ ತೆರೆದೆ. "ಆಂಟಿ ಹೇಗಿದಾರೆ?" ಎಂದು ಕೇಳಿ ಬಂದೆ.

ಕೊಡಲಿಲ್ಲ. ಶ್ರೀಧರ ಹರಿದು ಎಸೆಯುತ್ತಾನೆಂಬ ಭಯ ಒಂದು. ಅವರ ಜೊತೆ ಮಾತಾಡಿದೆ ಎಂದು ಒಪ್ಪಿಕೊಳ್ಳುವ ಧೈರ್ಯ ಇಲ್ಲದ್ದು ಇನ್ನೊಂದು. ಆ ಸಲ ಬ್ಯಾರಿಕೇಡು ಕಟ್ಟಿ, ಪೊಲೀಸರ ನಡುವೆ, ಪೊಲೀಸರು ಹೇಳಿದ ಹೊತ್ತಿಗೆ ಗಣೇಶ ಹೋದ. ನಾಗರಾಜಯ್ಯನವರು ಗೇಟಿನಲ್ಲಿ ವಾಚು ನೋಡುತ್ತಾ ನಿಂತಿದ್ದರು. ದಸರೆಗೆ ಮುಂಚೆ ಹೋಗಿಬಿಟ್ಟರು. ಬಷೀರ್ ಸಾಬರು ಚಟ್ಟಕ್ಕೆ ಹೆಗಲು ಕೊಡಲು ಬಂದರು, ನಮ್ಮ ಮನೆಯಿಂದ ಗಂಡಸರು ಯಾರೂ ಹೋಗಲಿಲ್ಲ. ಮುಂದೆ ಒಂದು ಚುನಾವಣೆಗೆ ಮುನ್ನ ಸರ್ಕಾರ ಆ ಕೇಸನ್ನೇ ವಾಪಸು ತೆಗೆದುಕೊಂಡಿತು. ಯಾರ ಸತ್ಯವೂ ಯಾರ ಸುಳ್ಳೂ ಬೇಕಾಗಲಿಲ್ಲ.

ವೈಕುಂಠ ಸಮಾರಾಧನೆ ಕಳೆದ ಮೇಲೆ ಲಲಿತಾ ಆಂಟಿ ಕರೆದರು. ನಕಲುಗಳ ಕಟ್ಟು ಮುಂದಿತ್ತು. ಎಲ್ಲಕ್ಕಿಂತ ಮೇಲಿನದು ಆ ಕೊನೆಯ ಅರ್ಜಿಯ ಕಾರ್ಬನ್ ಪ್ರತಿ. ಮೂಲೆಯಲ್ಲಿ ಅವರ ಕೈಬರಹ: 'ಮೂಲಪ್ರತಿ ಪ್ರಭಾ ಮುಖಾಂತರ ಸಂಘಕ್ಕೆ ತಲುಪಿದೆ.'

"ನಿನ್ನ ಕೈಲಿ ಕೊಟ್ಟು ಬಂದ ರಾತ್ರಿ ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಊಟ ಮಾಡಿದ್ರು ಕಣೆ" ಎಂದರು ಆಂಟಿ. "ಸಂಘದವರು ಸಹಿ ಹಾಕಿದ್ರಾ ಪ್ರಭಾ?"

ಆ ಕಾಗದ ಆಗಲೂ ನನ್ನ ಬ್ಯಾಂಕಿನ ಚೀಲದಲ್ಲೇ, ತೊಡೆಯ ಮೇಲೇ ಇತ್ತು.

"ಹಾಕಿದ್ರು ಆಂಟಿ" ಎಂದೆ.